ಬೇರೆಯವರ ಮದುವೆಗೆ ಏನು ಉಡೋದು? ಬಟ್ಟೆ, ಅಳತೆ, ಒಳಲಂಗ, ಚಪ್ಪಲಿ ಬಗ್ಗೆ ತಿಳಿದವರು ಹೇಳಿ

ಹೊಸಗುಂಡಿ

ಕರೆಯೋಲೆಯಲ್ಲಿ ‘ಸೆಮಿ ಫಾರ್ಮಲ್’ ಅಂತ ಒಂದೇ ಮಾತು ಬರೆದಿದ್ದಾರೆ. ಮಧ್ಯಾಹ್ನ 3ಕ್ಕೆ ಹುಲ್ಲುಹಾಸಿನ ಮೇಲೆ ಮದುವೆ, 7ಕ್ಕೆ ಒಳಗೆ ಹಾಲ್‌ನಲ್ಲಿ ಕೂಟ. ನಡುವೆ ಬಟ್ಟೆ ಬದಲಿಸೋಕೆ ಜಾಗ ಇಲ್ಲ. ಒಳ್ಳೇ ಬೇಸಿಗೆ. ಹೋಗೋರು ಮೂವರು: ಒಬ್ಬರಿಗೆ ಸೀರೆ ಅಥವಾ ಉದ್ದ ಗೌನ್, ಒಬ್ಬರಿಗೆ ಸೂಟ್, ಜೊತೆಗೆ 5 ವರ್ಷದ ಮಗು. ಕೈಯಲ್ಲಿ ಮೂರು ವಾರ ಇದೆ. ಬಣ್ಣದಿಂದ ಶುರು ಮಾಡಬೇಕಾ, ಬಟ್ಟೆಯಿಂದ ಶುರು ಮಾಡಬೇಕಾ? ದಯವಿಟ್ಟು ವಿವರವಾಗಿ ಹೇಳಿ.

ನೂಲೆಳೆ

ಗಂಟೆಯಿಂದ ಶುರು ಮಾಡಿ. 3ರಿಂದ ರಾತ್ರಿ 10 ಅಂದ್ರೆ ಏಳು ಗಂಟೆ ಒಂದೇ ಬಟ್ಟೆ ಮೈಮೇಲಿರುತ್ತೆ. ಕನ್ನಡಿ ಮುಂದೆ ಎರಡು ನಿಮಿಷ ಚೆನ್ನಾಗಿ ಕಂಡ ಬಟ್ಟೆ ಏಳು ಗಂಟೆ ತಾಳುತ್ತೆ ಅಂತ ಏನೂ ಇಲ್ಲ. ಆಮೇಲೆ ಕಾಲ ಕೆಳಗೆ ಏನಿದೆ ನೋಡಿ, ಆಮೇಲೆ ಸೆಖೆ. ಬಣ್ಣ ನಾಲ್ಕನೇ ಮಾತು.

ಸೆಖೆಗೆ ಬಟ್ಟೆ ಆರಿಸುವಾಗ ಅದು ಎಷ್ಟು ತೇವ ಹಿಡಿದುಕೊಳ್ಳುತ್ತೆ ಅನ್ನೋದು ಮುಖ್ಯ. ಪಾಲಿಯೆಸ್ಟರ್ ತನ್ನ ತೂಕದ ಶೇ 0.4ರಷ್ಟು ತೇವ ಮಾತ್ರ ಹಿಡಿಯುತ್ತೆ. ಹತ್ತಿ ಶೇ 8ರ ಆಸುಪಾಸು, ರೇಷ್ಮೆ ಶೇ 11, ಲಿನನ್ ಶೇ 12, ವಿಸ್ಕೋಸ್ (ರೇಯಾನ್) ಶೇ 13, ಉಣ್ಣೆ ಶೇ 16. ಪಾಲಿಯೆಸ್ಟರಿನ ಒಳಗೆ ಬೆವರು ಮೈಗೇ ಅಂಟಿಕೊಂಡು ಉಳಿಯೋದು ಇದೇ ಕಾರಣಕ್ಕೆ. ಬೇಸಿಗೆಗೆ ಉಣ್ಣೆ ಬೇಡ ಅನ್ನೋದು ದಪ್ಪ ಉಣ್ಣೆಗೆ ಸಲ್ಲುವ ಮಾತು. ತೆಳು ನೇಯ್ಗೆಯ ಉಣ್ಣೆ ಸೂಟಿಗೆ ಬೇಸಿಗೆಯಲ್ಲೂ ಒಳ್ಳೆಯದು.

ಒಂದು ವಿಷಯ ಬಹಳ ಜನ ನೋಡಲ್ಲ: ಅಸ್ತರು. ಮೇಲ್ಬಟ್ಟೆ ಅಪ್ಪಟ ರೇಷ್ಮೆ, ಒಳಗೆ ಪಾಲಿಯೆಸ್ಟರ್ ಅಸ್ತರು ಕೊಟ್ಟರೆ ಮೈಗೆ ತಾಗೋದು ಪಾಲಿಯೆಸ್ಟರೇ. ಬ್ಲೌಸಿಗೆ ತೆಳು ಹತ್ತಿಯ ಅಸ್ತರು, ಗೌನಿಗೆ ವಿಸ್ಕೋಸ್ ಅಥವಾ ಹತ್ತಿಯ ಅಸ್ತರು ಹಾಕಿ ಅಂತ ಟೈಲರ್‌ಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಹಾಕ್ತಾರೆ.

ಕತ್ತರಿಗಾರ

‘ಸೆಮಿ ಫಾರ್ಮಲ್’ ಬಗ್ಗೆ ಎರಡು ಮಾತು. ‘ವೈಟ್ ಟೈ’ ಅಂದರೆ ಹಿಂದೆ ಬಾಲವಿರುವ ಕಪ್ಪು ಕೋಟು, ಬಿಳಿ ಬೋ ಟೈ; ಅದು ಎಲ್ಲಕ್ಕಿಂತ ಕಟ್ಟುನಿಟ್ಟು. ‘ಬ್ಲ್ಯಾಕ್ ಟೈ’ ಅಂದರೆ ಲ್ಯಾಪೆಲ್‌ಗೆ, ಅಂದರೆ ಕೋಟಿನ ಎದೆಯ ಮೇಲೆ ಮಡಚಿದ ಪಟ್ಟಿಗೆ, ಸ್ಯಾಟಿನ್ ಹೊಲಿದ ಡಿನ್ನರ್ ಜಾಕೆಟ್, ಕಪ್ಪು ಬೋ ಟೈ. ಅದು ಸಂಜೆಯ ಉಡುಪು, ಹಗಲು ಹೊತ್ತಿಗೆ ಹಾಕುವುದಲ್ಲ. ‘ಬ್ಲ್ಯಾಕ್ ಟೈ ಆಪ್ಷನಲ್’ ಎಂದಿದ್ದರೆ ಗಾಢ ಬಣ್ಣದ ಸೂಟು ಸಾಕು. ‘ಸೆಮಿ ಫಾರ್ಮಲ್’ ಇವುಗಳಿಗಿಂತ ಕೆಳಗೆ: ಸೂಟು ಇರಲಿ, ಟೈ ನಿಮ್ಮಿಷ್ಟ, ಸೀರೆ, ಮೊಣಕಾಲಿಂದ ಪಾದದವರೆಗಿನ ಯಾವ ಉದ್ದದ ಡ್ರೆಸ್ಸೂ ಸರಿ. ಜೀನ್ಸ್, ಟೀ ಶರ್ಟ್, ಓಟದ ಶೂ ಬೇಡ.

ಹಗಲು ಮತ್ತು ಸಂಜೆ ಎರಡಕ್ಕೂ ಒಂದೇ ಬಟ್ಟೆ ಆಗಬೇಕಾದರೆ ಸೂಟಿಗೆ ನೇವಿ ಅಥವಾ ನಡುಮಟ್ಟದ ನೀಲಿ. ತಿಳಿಬೂದಿ ಹಗಲಲ್ಲಿ ಚೆಂದ, ಆದರೆ ಬೆವರಿನ ಕಲೆಯನ್ನು ಎಲ್ಲಕ್ಕಿಂತ ಎದ್ದು ತೋರಿಸುವ ಬಣ್ಣ ಅದೇ. ಟೈ ಜೇಬಿನಲ್ಲಿಟ್ಟುಕೊಂಡು 7 ಗಂಟೆಗೆ ಕಟ್ಟಿಕೊಂಡರೆ ಅದೇ ಸೂಟು ಸಂಜೆಯ ಉಡುಪಾಗುತ್ತದೆ. ಟೈ ಮಡಚಬೇಡಿ, ತೆಳ್ಳಗಿನ ತುದಿಯಿಂದ ಸುರುಳಿ ಸುತ್ತಿಡಿ.

ಸೂಟಿನ ತೂಕ: ಬಟ್ಟೆಯ ಒಂದು ಮೀಟರ್ ಉದ್ದಕ್ಕೆ 220ರಿಂದ 260 ಗ್ರಾಂ ಇದ್ದರೆ ಬೇಸಿಗೆಗೆ ಹಿತ. ಲೇಬಲ್ಲಿನ ಮೇಲೆ ‘ಸೂಪರ್ 150’ ಎಂದು ಕಂಡರೆ ಮರುಳಾಗಬೇಡಿ. ಆ ಸಂಖ್ಯೆ ಎಳೆ ಎಷ್ಟು ಸಣ್ಣದು ಎಂದು ಹೇಳುತ್ತದೆ ಅಷ್ಟೇ. ಎಳೆ ಸಣ್ಣದಾದಷ್ಟೂ ಬಟ್ಟೆ ಬೇಗ ಸುಕ್ಕಾಗುತ್ತದೆ, ಬೇಗ ಸವೆಯುತ್ತದೆ. 100ರಿಂದ 120 ಧಾರಾಳ ಸಾಕು.

ಇಸ್ತ್ರಿಮೇಜು

ಸೂಟಿಗೆ ಉಣ್ಣೆ ಅಂತೀರಿ, ಲಿನನ್ ಯಾಕೆ ಬೇಡ? ತೇವ ಹಿಡಿಯುವ ಲೆಕ್ಕದಲ್ಲಿ ಅದು ಹತ್ತಿಗಿಂತ ಮೇಲಲ್ವಾ?

ಕತ್ತರಿಗಾರ

ಸೆಖೆಗೆ ಒಳ್ಳೆಯದೇ. ಆದರೆ ಲಿನನ್ ಎಳೆಗೆ ಹಿಗ್ಗುವ ಗುಣ ಬಹಳ ಕಡಿಮೆ. ಮಡಿಸಿದಲ್ಲಿ ಮಡಿಕೆ ನಿಂತುಬಿಡುತ್ತದೆ. ಅರ್ಧ ಗಂಟೆ ಕಾರಿನಲ್ಲಿ ಕೂತರೆ ಮಂಡಿ ಹಿಂದೆ, ಸೊಂಟದ ಬಳಿ, ಮೊಣಕೈ ಒಳಗೆ ಗೆರೆ ಮೂಡುತ್ತವೆ. ಹಗಲಿನ ಹುಲ್ಲುಹಾಸಿನಲ್ಲಿ ಆ ಸುಕ್ಕೂ ಒಂದು ಚೆಂದವೇ. 7 ಗಂಟೆಗೆ ದೀಪದ ಕೆಳಗೆ ಅದೇ ಸುಕ್ಕು ಮುದುಡಿದ ಬಟ್ಟೆಯಂತೆ ಕಾಣುತ್ತದೆ. ಲಿನನ್ ಬೇಕೇ ಬೇಕು ಎಂದಾದರೆ ಉಣ್ಣೆ ಅಥವಾ ರೇಷ್ಮೆ ಬೆರೆತ ಲಿನನ್ ತೆಗೆದುಕೊಳ್ಳಿ, ಇಲ್ಲವೇ ಶರ್ಟ್ ಮಾತ್ರ ಲಿನನ್ ಇರಲಿ.

ಅಳತೆಯ ಬಗ್ಗೆ: ಸಿದ್ಧ ಸೂಟು ಕೊಳ್ಳುವಾಗ ಮೊದಲು ನೋಡಬೇಕಾದ್ದು ಭುಜ. ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಸೊಂಟ ಹಿಡಿಸುವುದು, ತೋಳು ಗಿಡ್ಡ ಮಾಡುವುದು, ಪ್ಯಾಂಟಿನ ಉದ್ದ ಎಲ್ಲ ಸುಲಭದ ಕೆಲಸ. ಭುಜ ಸರಿಪಡಿಸಬೇಕೆಂದರೆ ಕೋಟನ್ನೇ ಬಿಚ್ಚಿ ಹೊಲಿಯಬೇಕು, ಬಹುತೇಕ ಅದು ಮೊದಲಿನಂತೆ ಕೂರುವುದಿಲ್ಲ. ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಗುಣಿಸು ಚಿಹ್ನೆಯಂತೆ ಗೆರೆಗಳು ಎಳೆದರೆ ಬಿಗಿಯಾಗಿದೆ ಎಂದರ್ಥ. ಕೋಟಿನ ಕಾಲರ್ ಹಿಂದೆ ಶರ್ಟಿನ ಕಾಲರ್‌ಗೆ ಅಂಟಿ ಕೂರಬೇಕು, ಸಂದಿ ಬಿಡಬಾರದು. ತೋಳಿನ ತುದಿಯಲ್ಲಿ ಶರ್ಟಿನ ಕಫ್ 1ರಿಂದ 1.5 ಸೆಂಟಿಮೀಟರ್ ಕಾಣಲಿ. ತೋಳಿನ ಗುಂಡಿಗಳಿಗೆ ನಿಜವಾದ ಕಾಜಾ ಇದ್ದರೆ ತುದಿಯಿಂದ ಗಿಡ್ಡ ಮಾಡಲಾಗದು, ಭುಜದ ಕಡೆಯಿಂದ ಮಾಡಬೇಕು. ಆ ಕೆಲಸಕ್ಕೆ ಹೆಚ್ಚು ದಿನ ಹಿಡಿಯುತ್ತದೆ, ಹಾಗಾಗಿ ಮೊದಲ ವಾರದಲ್ಲೇ ಕೊಡಿ.

ಹೊಸ ಕೋಟಿನ ಹಿಂದಿನ ಸೀಳಿನ ಮೇಲೆ ಗುಣಿಸು ಚಿಹ್ನೆಯಂಥ ಬಿಳಿ ಅಥವಾ ಕಪ್ಪು ದಾರ ಇರುತ್ತದೆ, ತೋಳಿನ ಮೇಲೆ ಕಂಪನಿಯ ಪಟ್ಟಿ ಇರುತ್ತದೆ. ಎರಡನ್ನೂ ಬಿಚ್ಚಬೇಕು. ಸಾಗಾಟದಲ್ಲಿ ಆಕಾರ ಕೆಡದಿರಲೆಂದು ಹಾಕಿದ ದಾರ ಅದು. ಅದನ್ನು ಬಿಚ್ಚದೆ ಕೂತರೆ ಸೀಳು ಹರಿಯುತ್ತದೆ. ಕೋಟಿನ ಕೊನೆಯ ಗುಂಡಿ ಹಾಕಬೇಡಿ, ಕೂರುವಾಗ ಎಲ್ಲ ಗುಂಡಿ ಬಿಚ್ಚಿ.

ನೆರಿಗೆ

ಸೀರೆ ವಿಷಯ ನಾನು ಹೇಳ್ತೀನಿ. ಏಳು ಗಂಟೆ ನಿಲ್ಲೋ ಸೀರೆಗೆ ಅಡಿಪಾಯ ಒಳಲಂಗ. ಸ್ಯಾಟಿನ್ ಲಂಗ ನುಣುಪು, ರೇಷ್ಮೆ ಸೀರೆ ಅದರ ಮೇಲೆ ಜಾರುತ್ತೆ, ನೆರಿಗೆ ಇಳಿಯುತ್ತೆ. ಹತ್ತಿ ಲಂಗ ಸೀರೆಯನ್ನು ಹಿಡಿದುಕೊಳ್ಳುತ್ತೆ. ಲಾಡಿ ಹಾಕುವ ಪಟ್ಟಿ 3-4 ಸೆಂಟಿಮೀಟರ್ ಅಗಲ ಇರಲಿ. ಸಣ್ಣ ಲಾಡಿ ಒಂದೇ ಗೆರೆಯಲ್ಲಿ ಚರ್ಮ ಒತ್ತುತ್ತೆ, ನಾಲ್ಕನೇ ಗಂಟೆಗೆ ಸಹಿಸೋಕಾಗಲ್ಲ, ಸಡಿಲ ಮಾಡಿದ್ರೆ ಸೀರೆ ಪೂರ್ತಿ ಕೆಳಗೆ ಬರುತ್ತೆ.

ಚಪ್ಪಲಿ ಮೊದಲು, ಸೀರೆ ಆಮೇಲೆ. ಅವತ್ತು ಹಾಕೋ ಚಪ್ಪಲಿಯನ್ನೇ ಹಾಕಿಕೊಂಡು ಉಡಿ. ಸಮ ನೆಲಕ್ಕೆ ಅಂಚು ನೆಲದಿಂದ ಒಂದು ಸೆಂಟಿಮೀಟರ್ ಮೇಲೆ ಸಾಕು. ಹುಲ್ಲಿಗೆ ಎರಡರಿಂದ ಮೂರು ಬೇಕು, ಇಲ್ಲದಿದ್ದರೆ ಅಂಚು ಹಸಿರು ಕಲೆ ಹಿಡಿಯುತ್ತೆ. ಹುಲ್ಲಿನ ಕಲೆ ರೇಷ್ಮೆಯಿಂದ ಬಿಡಿಸೋದು ಬಹಳ ಕಷ್ಟ.

ಫಾಲ್ ಇಲ್ಲದ ಹೊಸ ಸೀರೆ ಉಡಬೇಡಿ. ಹತ್ತಿ ಫಾಲ್ ಆದರೆ ಹೊಲಿಯುವ ಮುಂಚೆ ನೀರಲ್ಲಿ ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿರಬೇಕು. ಹಾಗೇ ಹೊಲಿದರೆ ಮುಂದೆ ಅದು ಕುಗ್ಗಿ ಸೀರೆಯ ಅಂಚು ಮುದುಡಿಕೊಳ್ಳುತ್ತೆ. ಎಷ್ಟೇ ಇಸ್ತ್ರಿ ಮಾಡಿದರೂ ಅದು ಸರಿಹೋಗಲ್ಲ, ಬಿಚ್ಚಿ ಮತ್ತೆ ಹೊಲಿಯೋದೇ ದಾರಿ.

ನೆರಿಗೆ ಐದರಿಂದ ಏಳು, ಒಂದೊಂದೂ 10-12 ಸೆಂಟಿಮೀಟರ್. ದಪ್ಪ ರೇಷ್ಮೆಗೆ ಐದೇ ಸಾಕು, ಹೆಚ್ಚಾದರೆ ಹೊಟ್ಟೆ ಮುಂದೆ ಉಬ್ಬುತ್ತೆ. ನೆರಿಗೆಯನ್ನು ಲಂಗದೊಳಗೆ ಸಿಕ್ಕಿಸುವ ಮುಂಚೆ ಒಂದು ಪಿನ್ನು ಹಾಕಿ, ಸಿಕ್ಕಿಸಿದ ಮೇಲೆ ಆ ಪಿನ್ನು ಲಂಗದ ಪಟ್ಟಿಯನ್ನೂ ಹಿಡಿಯಲಿ. ಭುಜದ ಪಿನ್ನು ಬ್ಲೌಸಿನ ಒಳಗಿಂದ ಭುಜದ ಹೊಲಿಗೆಯ ಮೂಲಕ ಬರಬೇಕು, ಬರೀ ಬಟ್ಟೆಯ ಮೂಲಕ ಅಲ್ಲ. ಸೆರಗಿನ ಭಾರವನ್ನು ಹೊಲಿಗೆ ತಡೆಯುತ್ತೆ, ಬಟ್ಟೆ ತಡೆಯಲ್ಲ. ಪಿನ್ನಿನ ಸುರುಳಿ ಕಡೆಗೆ ಒಂದು ಸಣ್ಣ ಮಣಿ ಪೋಣಿಸಿದರೆ ಎಳೆಗಳು ಸುರುಳಿಯೊಳಗೆ ಸಿಕ್ಕಿ ಹರಿಯಲ್ಲ. ಮೊಂಡಾದ, ತುಕ್ಕು ಹಿಡಿದ ಪಿನ್ನನ್ನು ಎಸೆದುಬಿಡಿ.

ಹಳೇ ಬ್ಲೌಸ್ ಹಾಕೋದಾದ್ರೆ ಇವತ್ತೇ ಹಾಕಿ ನೋಡಿ. ಎರಡೂ ಪಕ್ಕ ಒಳಗೆ 2-3 ಸೆಂಟಿಮೀಟರ್ ಮಾರ್ಜಿನ್ ಬಿಟ್ಟಿದ್ದರೆ ಬಿಚ್ಚಿ ಸಡಿಲ ಮಾಡಬಹುದು. ಬಿಚ್ಚಿದಾಗ ಹಳೇ ಹೊಲಿಗೆಯ ತೂತು, ಬಣ್ಣ ಮಾಸದ ಗೆರೆ ಕಾಣುತ್ತಾ ಅಂತ ಒಳಗಿನ ಒಂದಿಷ್ಟು ಜಾಗ ಬಿಚ್ಚಿ ಮೊದಲೇ ಪರೀಕ್ಷಿಸಿ. ಕೈ ಪೂರ್ತಿ ಮೇಲೆತ್ತಿ, ಎರಡು ತೋಳನ್ನೂ ಮುಂದೆ ಚಾಚಿ ಯಾರನ್ನೋ ಅಪ್ಪಿಕೊಂಡಂತೆ ಮಾಡಿ. ಬೆನ್ನಿನ ಹುಕ್ಕು ಬಿಚ್ಚಿಕೊಳ್ಳೋದು ಆ ಭಂಗಿಯಲ್ಲೇ.

ಹೊಸಗುಂಡಿ

ಬಹಳ ಉಪಕಾರ. ಜಾರ್ಜೆಟ್ ಸೀರೆನೂ ಒಂದಿದೆ, ಹಗುರವಾಗಿದೆ. ರೇಷ್ಮೆ ಬಿಟ್ಟು ಅದನ್ನೇ ಉಡಬಹುದಾ?

ನೆರಿಗೆ

ಉಡಬಹುದು, ಆದರೆ ಲೇಬಲ್ ನೋಡಿ. ಜಾರ್ಜೆಟ್ ಅನ್ನೋದು ನೇಯ್ಗೆಯ ಹೆಸರು, ನೂಲಿನ ಹೆಸರಲ್ಲ. ರೇಷ್ಮೆ ಜಾರ್ಜೆಟ್ ಇರುತ್ತೆ, ವಿಸ್ಕೋಸ್ ಇರುತ್ತೆ, ಪಾಲಿಯೆಸ್ಟರ್ ಇರುತ್ತೆ. ಸ್ಯಾಟಿನ್, ಕ್ರೇಪ್, ಶಿಫಾನ್‌ಗೂ ಇದೇ ಮಾತು. ಪಾಲಿಯೆಸ್ಟರ್ ಆದರೆ ಹಗುರ ಇದ್ದರೂ ಸೆಖೆ ಆಗುತ್ತೆ. ಇನ್ನೊಂದು, ಜಾರ್ಜೆಟ್, ಶಿಫಾನ್ ಎರಡೂ ಪಾರದರ್ಶಕ. ಲಂಗ ಸೀರೆಯ ಬಣ್ಣದ್ದೇ ಇರಬೇಕು. ಮನೆ ಬೆಳಕಲ್ಲಿ ಸರಿಯಾಗಿ ಕಂಡರೂ ಬಿಸಿಲಿಗೆ ಬೆನ್ನು ಮಾಡಿ ನಿಂತಾಗ ಕಾಲಿನ ಆಕಾರ ಕಾಣುತ್ತೆ. ಕಿಟಕಿ ಹತ್ತಿರ ನಿಂತು, ಫ್ಲ್ಯಾಶ್ ಹಾಕಿ ಮುಂದಿನಿಂದ ಒಂದು, ಹಿಂದಿನಿಂದ ಒಂದು ಫೋಟೋ ತೆಗೆಸಿ ನೋಡಿ. ಬಿಳಿ ಅಥವಾ ತಿಳಿ ಬಟ್ಟೆಯ ಒಳಗೆ ಬಿಳಿ ಒಳಉಡುಪು ಎದ್ದು ಕಾಣುತ್ತೆ, ಮೈಬಣ್ಣದ್ದು ಕಾಣಲ್ಲ.

ಬಣ್ಣದಹಂಡೆ

ಬಣ್ಣಕ್ಕೆ ಬರೋಣ. ಮದುವೆಯಾಗುವವರು ಏನು ಉಡುತ್ತಾರೆ ಎಂದು ಮನೆಯವರನ್ನು ಕೇಳಿಬಿಡಿ. ಊಹೆ ಮಾಡುವುದಕ್ಕಿಂತ ಕೇಳುವುದು ಮರ್ಯಾದೆ. ಆ ಬಣ್ಣ ಮತ್ತು ಅದರ ಅಕ್ಕಪಕ್ಕದ ಛಾಯೆಗಳನ್ನು ಬಿಡಿ. ದಂತದ ಬಣ್ಣ, ತಿಳಿ ಕೆನೆ, ತೀರಾ ತಿಳಿಗುಲಾಬಿ ಇವೆಲ್ಲ ಬಲವಾದ ಬೆಳಕಿನ ಫೋಟೋದಲ್ಲಿ ಬಿಳಿಯಾಗಿಬಿಡುತ್ತವೆ ಎಂಬುದು ನೆನಪಿರಲಿ.

ಅಂಗಡಿಯ ದೀಪದಲ್ಲಿ ಹೊಂದಿದ ಬ್ಲೌಸ್ ಮತ್ತು ಸೀರೆ ಬಿಸಿಲಲ್ಲಿ ಬೇರೆಬೇರೆ ಕಾಣುವುದು ಸಾಮಾನ್ಯ. ಎರಡು ಬಟ್ಟೆಗೆ ಬೇರೆ ಬೇರೆ ಡೈ ಹಾಕಿದ್ದರೆ ಒಂದು ಬೆಳಕಲ್ಲಿ ಒಂದೇ ಆಗಿ, ಇನ್ನೊಂದರಲ್ಲಿ ಬೇರೆಯಾಗಿ ಕಾಣುತ್ತವೆ. ಕಪ್ಪು, ನೇವಿ, ಮರೂನ್‌ಗಳಲ್ಲಿ ಇದು ಹೆಚ್ಚು. ಕಪ್ಪು ಕೋಟು ಒಂದು ಕಡೆ, ಕಪ್ಪು ಪ್ಯಾಂಟು ಇನ್ನೊಂದು ಕಡೆ ಕೊಂಡು ಸೂಟು ಎಂದುಕೊಳ್ಳಬೇಡಿ. ಹಗಲು ಬೆಳಕಲ್ಲಿ ಒಂದು ಕಂದುಗಪ್ಪು, ಒಂದು ನೀಲಿಗಪ್ಪು ಆಗಿರುತ್ತದೆ.

ಹೊಸ ಗಾಢ ಬಣ್ಣದ ಬಟ್ಟೆಗೆ ಒಂದು ಪರೀಕ್ಷೆ: ಬಿಳಿ ಹತ್ತಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಹಿಂಡಿ, ಒಳಹೊಲಿಗೆಯ ಮೇಲೆ ಹತ್ತು ಸಲ ಉಜ್ಜಿ. ಚೂರಿಗೆ ಬಣ್ಣ ಹತ್ತಿದರೆ ಬೆವರಿಗೂ ಬಿಡುತ್ತದೆ. ನಿಮ್ಮ ಚರ್ಮಕ್ಕೆ ಮಾತ್ರವಲ್ಲ, ಅಪ್ಪಿಕೊಂಡವರ ಬಟ್ಟೆಗೂ. ಅಂಥದ್ದನ್ನು ಆ ದಿನಕ್ಕೆ ಬಿಡಿ.

ತೀರಾ ಸಣ್ಣ ಗೆರೆ, ಸಣ್ಣ ಚೌಕಳಿ ಇರುವ ಶರ್ಟು ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಮಿನುಗುತ್ತದೆ. ಕಣ್ಣಿಗೆ ಕಾಣದು, ವಿಡಿಯೋದಲ್ಲಿ ಕಾಣುತ್ತದೆ. ಫೋನಿನಲ್ಲಿ ಎರಡು ಮೀಟರ್ ದೂರದಿಂದ ಚಿತ್ರ ತೆಗೆದು ನೋಡಿದರೆ ಗೊತ್ತಾಗುತ್ತದೆ.

ನೂಲೆಳೆ

ಬಣ್ಣದಹಂಡೆಯವರೇ, ಸೀಕ್ವಿನ್ (ಬಟ್ಟೆಗೆ ಹೊಲಿಯುವ ಹೊಳೆಯುವ ಬಿಲ್ಲೆ) ಬಗ್ಗೆಯೂ ಹೇಳಬೇಕಿತ್ತು. ತೋಳಿನ ಕೆಳಗೆ, ಪಕ್ಕದ ಹೊಲಿಗೆಯ ಮೇಲೆ ಸೀಕ್ವಿನ್ ಇದ್ದರೆ ಕೈ ಆಡಿಸಿದಂತೆಲ್ಲ ತೋಳಿನ ಒಳಚರ್ಮ ಕೆಂಪಾಗುತ್ತೆ. ಅಲ್ಲಿ ಸೀಕ್ವಿನ್ ತೆಗೆದು ಮೆತ್ತನೆ ಬಟ್ಟೆಯ ಪಟ್ಟಿ ಹಾಕಿಸಿ. ಪಕ್ಕದಲ್ಲಿ ಕೂತವರ ಶಿಫಾನ್‌ಗೂ ಅದು ಸಿಕ್ಕಿಕೊಳ್ಳುತ್ತೆ. ವೆಲ್ವೆಟ್ ಬೇಸಿಗೆಗೆ ಬೇಡವೇ ಬೇಡ. ಕೂತ ಜಾಗದಲ್ಲಿ ರೋಮ ಮಲಗಿ ಗುರುತು ನಿಲ್ಲುತ್ತೆ, ಹಿಂದಿನಿಂದ ಹಬೆ ಕೊಡುವವರೆಗೂ ಹೋಗಲ್ಲ.

ದೀಪ, ಮೇಣದಬತ್ತಿ ಹಚ್ಚಿಟ್ಟ ಕಡೆ ಉದ್ದನೆ ಸಡಿಲ ತೋಳು, ತೇಲಾಡುವ ದುಪಟ್ಟಾ ಹುಷಾರು. ಹತ್ತಿ ಬೇಗ ಹತ್ತಿಕೊಳ್ಳುತ್ತೆ. ಪಾಲಿಯೆಸ್ಟರ್, ನೈಲಾನ್ ಕರಗಿ ಚರ್ಮಕ್ಕೇ ಅಂಟುತ್ತೆ. ಉಣ್ಣೆ ಮಾತ್ರ ನಿಧಾನ.

ಪುಟ್ಟಂಗಿ

5 ವರ್ಷದ ಮಗುವಿಗೆ ಮೂರು ವಾರ ಮುಂಚೆ ಕೊಂಡರೆ ಸಾಕು, ಇನ್ನೂ ಮುಂಚೆ ಕೊಂಡರೆ ಅಳತೆ ಬದಲಾಗಬಹುದು. ನೆಟ್, ಝರಿ, ಸೀಕ್ವಿನ್ ಫ್ರಾಕ್ ಆದರೆ ಒಳಗೆ ಹೊಲಿಗೆಯಿಲ್ಲದ ಹತ್ತಿ ಬನಿಯನ್ ಹಾಕಿ, ಕುತ್ತಿಗೆಯ ಲೇಬಲ್ ಕತ್ತರಿಸುವ ಬದಲು ಬಿಚ್ಚಿ ತೆಗೆಯಿರಿ. ಕತ್ತರಿಸಿದ ಲೇಬಲ್ಲಿನ ಮೂಲೆ ಇನ್ನಷ್ಟು ಚುಚ್ಚುತ್ತೆ. ಕುತ್ತಿಗೆ ಮತ್ತು ತಲೆಮುಸುಕಿನ ಬಳಿ ಎಳೆಯುವ ದಾರ ಇರುವ ಉಡುಪು ಬೇಡ. ಯುರೋಪಿನ ಇಎನ್ 14682 ಮಾನದಂಡ 7 ವರ್ಷದೊಳಗಿನವರ ಉಡುಪಿನಲ್ಲಿ ಅದು ಇರಲೇಕೂಡದು ಅನ್ನುತ್ತೆ, ಆಟವಾಡುವಾಗ ಸಿಕ್ಕಿಕೊಂಡು ಉಸಿರು ಕಟ್ಟುವ ಅಪಾಯ ಇರೋದರಿಂದ. ಶೌಚಕ್ಕೆ ಹೋಗುವಾಗ ಒಬ್ಬರೇ ಒಂದು ನಿಮಿಷದಲ್ಲಿ ಬಿಚ್ಚಿ ಹಾಕಲು ಆಗುತ್ತಾ ಅಂತ ಮನೆಯಲ್ಲೇ ನೋಡಿ. ಮಗುವಿಗೆ ಮಾತ್ರ ಇನ್ನೊಂದು ಜೊತೆ ಬಟ್ಟೆ ಚೀಲದಲ್ಲಿರಲಿ.

ಇಸ್ತ್ರಿಮೇಜು

ಇಸ್ತ್ರಿ ಪೆಟ್ಟಿಗೆ ಮೇಲಿನ ಚುಕ್ಕಿಗಳ ಲೆಕ್ಕ: ಒಂದು ಚುಕ್ಕಿ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡು 150, ಮೂರು 200. ಪಾಲಿಯೆಸ್ಟರ್, ನೈಲಾನ್‌ಗೆ ಒಂದು. ರೇಷ್ಮೆಗೆ ಒಂದರಿಂದ ಎರಡು. ಉಣ್ಣೆಗೆ ಎರಡು, ಮೇಲೊಂದು ಹತ್ತಿ ಬಟ್ಟೆ ಹಾಸಿ. ಹತ್ತಿ, ಲಿನನ್‌ಗೆ ಮೂರು. ಉಡುಪಿನ ಲೇಬಲ್ ಏನಾದರೂ ಬೇರೆ ಹೇಳಿದರೆ ಅದೇ ಕೊನೆಯ ಮಾತು. ರೇಷ್ಮೆಗೆ ಒಳಮೈ ಮೇಲೆ ಮಾಡಿ, ನೀರು ಚಿಮುಕಿಸಬೇಡಿ. ಒಣಗಿದ ಮೇಲೆ ಹನಿ ಬಿದ್ದಲ್ಲಿ ವೃತ್ತ ನಿಲ್ಲುತ್ತೆ. ಉಣ್ಣೆ ಕೋಟಿನ ಸಣ್ಣ ಸುಕ್ಕಿಗೆ ಸ್ನಾನದ ಮನೆಯಲ್ಲಿ ಬಿಸಿನೀರಿನ ಹಬೆ ತುಂಬಿಸಿ 15-20 ನಿಮಿಷ ತೂಗುಹಾಕಿದರೂ ಸಾಕು. ಲಿನನ್‌ಗೆ ಆ ಉಪಾಯ ನಡೆಯಲ್ಲ.

ಡ್ರೈಕ್ಲೀನ್ ಮಾಡಿಸಿ ತಂದದ್ದನ್ನು ಪ್ಲಾಸ್ಟಿಕ್ ಚೀಲದಲ್ಲೇ ಇಡಬೇಡಿ. ಚೀಲ ತೆಗೆದು ಒಂದು ದಿನ ಗಾಳಿಗೆ ಬಿಡಿ, ದ್ರಾವಣದ ವಾಸನೆ ಹೋಗಲಿ.

ಸುಗಂಧದ ಎಣ್ಣೆ, ಪರ್ಫ್ಯೂಮ್, ಡಿಯೋಡರೆಂಟ್ ಎಲ್ಲ ಮೈಗೆ, ಬಟ್ಟೆ ಉಡುವ ಹತ್ತು ನಿಮಿಷ ಮುಂಚೆ. ರೇಷ್ಮೆ ಮೇಲೆ ಬಿದ್ದರೆ ಕಲೆ, ಝರಿ ಮೇಲೆ ಬಿದ್ದರೆ ಹೊಳಪು ಕಂದುತ್ತೆ. ಕಂಕುಳಿಗೆ ಹೊಲಿಯುವ ಹತ್ತಿ ಪ್ಯಾಡ್ ಹಾಕಿಸಿದರೆ ರೇಷ್ಮೆ ಬ್ಲೌಸಿನ ಆಯಸ್ಸು ಹೆಚ್ಚುತ್ತೆ.

ಎಣ್ಣೆ ಬಿದ್ದರೆ ಉಜ್ಜಬೇಡಿ. ಕಾಗದದ ಕರವಸ್ತ್ರದಿಂದ ಒತ್ತಿ ಹೀರಿಸಿ, ಟಾಲ್ಕಂ ಪೌಡರ್ ಉದುರಿಸಿ 20 ನಿಮಿಷ ಬಿಟ್ಟು ಕೊಡವಿ. ಒದ್ದೆ ಟಿಶ್ಯೂ ರೇಷ್ಮೆಗೆ ಬೇಡ.

ಕತ್ತರಿಗಾರ

ಬಿಟ್ಟುಹೋಗಬಾರದ ಒಂದು ಮಾತು: ಜೊತೆಯಲ್ಲಿ ಗಾಲಿಕುರ್ಚಿ ಬಳಸುವವರು ಬರುವುದಾದರೆ ಅವರ ಅಳತೆಯನ್ನು ಕೂತೇ ತೆಗೆಸಿ. ನಿಂತ ಅಳತೆಯ ಕೋಟು ಕೂತಾಗ ಹೊಟ್ಟೆಯ ಮೇಲೆ ಗುಡ್ಡೆಯಾಗುತ್ತದೆ, ಕಾಲರ್ ಮೇಲೇರುತ್ತದೆ. ಕೋಟು ಸೊಂಟದವರೆಗೆ ಗಿಡ್ಡ, ಪ್ಯಾಂಟಿನ ಹಿಂಭಾಗ ಮುಂಭಾಗಕ್ಕಿಂತ ಎತ್ತರ, ಹಿಂದಿನ ಜೇಬು ಬೇಡ. ಅದರ ಹೊಲಿಗೆ ಚರ್ಮ ಒತ್ತುತ್ತದೆ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಮುಂದಕ್ಕೆ ತಂದು ಪಿನ್ನು ಮಾಡಿ.

ಹೊಸಗುಂಡಿ

ಕೊನೆಗೆ ಕಾಲಿಗೆ. ಚೂಪು ಹಿಮ್ಮಡಿಯ ಹೊಸ ಸ್ಯಾಂಡಲ್ ಒಂದು ಜೊತೆ ಇದೆ. ಸೂಟಿಗೆ ಆರು ವರ್ಷದ ಹಿಂದಿನ ಶೂ, ಡಬ್ಬಿಯಿಂದ ತೆಗೆದೇ ಇಲ್ಲ, ಹೊಸದರಂತೆಯೇ ಇದೆ. ಇವೇ ಸಾಕಲ್ವಾ?

ಅಟ್ಟೆಹಿಮ್ಮಡಿ

ಎರಡನ್ನೂ ಪರೀಕ್ಷಿಸದೆ ಹಾಕಬೇಡಿ.

ಚೂಪು ಹಿಮ್ಮಡಿಯ ತುದಿ ಸುಮಾರು ಒಂದು ಚದರ ಸೆಂಟಿಮೀಟರ್. ಅಷ್ಟು ಜಾಗದ ಮೇಲೆ ದೇಹದ ಭಾರ ಬಿದ್ದಾಗ ಹುಲ್ಲಿನ ಮಣ್ಣಿಗೆ ಇಳಿಯುತ್ತೆ, ಪಾದ ಹಿಂದಕ್ಕೆ ವಾಲುತ್ತೆ, ಕಣಕಾಲು ಉಳುಕುತ್ತೆ. ಮೂರು-ನಾಲ್ಕು ಸೆಂಟಿಮೀಟರ್ ಅಗಲದ ಚೌಕ ಹಿಮ್ಮಡಿ ಅಥವಾ ವೆಜ್ (ಹಿಮ್ಮಡಿ ಮತ್ತು ಅಟ್ಟೆ ಒಂದೇ ತುಂಡಾಗಿರೋದು) ತೆಗೆದುಕೊಳ್ಳಿ. ಸೀರೆಯ ಎತ್ತರ ಅದಕ್ಕೆ ತಕ್ಕಂತೆ ಉಡಬೇಕಾದ್ದರಿಂದ ಈ ವಾರವೇ ತೀರ್ಮಾನಿಸಿ. ಕೊಳ್ಳೋದು ಸಂಜೆ ಹೊತ್ತು, ಆಗ ಪಾದ ಸ್ವಲ್ಪ ಊದಿರುತ್ತೆ. ಮನೆಯೊಳಗೆ ದಿನಕ್ಕೆ ಅರ್ಧದಿಂದ ಒಂದು ಗಂಟೆ, ಒಂದು ವಾರ ಹಾಕಿ ಓಡಾಡಿ. ಕೆಂಪಾಗುವ ಜಾಗಕ್ಕೆ ಅವತ್ತು ಬೆಳಿಗ್ಗೆಯೇ ಪ್ಲಾಸ್ಟರ್ ಹಾಕಿ, ಬೊಬ್ಬೆ ಬಂದ ಮೇಲಲ್ಲ. ಹೊಸ ಚರ್ಮದ ಅಟ್ಟೆ ಟೈಲ್ಸ್ ಮೇಲೆ ಜಾರುತ್ತೆ, ಮರಳುಕಾಗದದಿಂದ ಅಡ್ಡಡ್ಡ ಉಜ್ಜಿ ಒರಟು ಮಾಡಿ.

ಶೂ ವಿಷಯದಲ್ಲಿ ಹಾಕದೇ ಇಟ್ಟದ್ದೇ ತೊಂದರೆ. ಅಟ್ಟೆ ಪಾಲಿಯುರೆಥೇನ್ ಆಗಿದ್ದರೆ ಗಾಳಿಯ ತೇವಕ್ಕೆ ವರ್ಷಾನುಗಟ್ಟಲೆಯಲ್ಲಿ ಒಳಗಿಂದಲೇ ಒಡೆಯುತ್ತಾ ಬರುತ್ತೆ. ಮೇಲೆ ಹೊಸದಾಗಿ ಕಾಣುತ್ತೆ, ಹಾಕಿ ನಡೆದ ಮೊದಲ ಗಂಟೆಯಲ್ಲೇ ಪುಡಿಪುಡಿಯಾಗಿ ಉದುರುತ್ತೆ. ಡಬ್ಬಿಯಲ್ಲಿ ಗಾಳಿಯಾಡದಿದ್ದರೆ ಇನ್ನೂ ಬೇಗ. ಈಗಲೇ ತೆಗೆದು ಅಟ್ಟೆಯ ಪಕ್ಕಕ್ಕೆ ಉಗುರು ಒತ್ತಿ. ಗುರುತು ಹಾಗೇ ಉಳಿದರೆ, ಅಂಟಂಟು ಆಗಿದ್ದರೆ, ಶೂವನ್ನು ನಡುವೆ ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅದನ್ನು ಹಾಕಬೇಡಿ. ಮೇಲಿನ ಚರ್ಮ ಚೆನ್ನಾಗಿದ್ದರೆ ರಬ್ಬರಿನ ಹೊಸ ಅಟ್ಟೆ ಹಾಕಿಸಬಹುದು, ಮೂರು ವಾರ ಸಾಕು. ಏನೂ ಕಾಣದಿದ್ದರೂ ಒಂದು ದಿನ ಎರಡು ಗಂಟೆ ಮನೆ ಸುತ್ತ ನಡೆದು, ಆಮೇಲೆ ನೆಲದ ಮೇಲೆ ಕಪ್ಪು ಪುಡಿ ಬಿದ್ದಿದೆಯಾ ನೋಡಿ.

ಹೊಸಗುಂಡಿ

ಉಗುರು ಒತ್ತಿ ನೋಡಿದೆ, ಗುರುತು ಹಾಗೇ ಇದೆ. ನಾಳೆನೇ ಅಟ್ಟೆ ಹಾಕಿಸೋಕೆ ಕೊಡ್ತೀನಿ.

ಅಟ್ಟೆಹಿಮ್ಮಡಿ

ಕೊಡುವಾಗ ಹಳೇ ಹಿಮ್ಮಡಿಯಷ್ಟೇ ಎತ್ತರ ಇರಲಿ ಅಂತ ಹೇಳಿ. ಅರ್ಧ ಸೆಂಟಿಮೀಟರ್ ವ್ಯತ್ಯಾಸ ಆದರೂ ಪ್ಯಾಂಟಿನ ಉದ್ದ ಬದಲಾಗುತ್ತೆ. ಶೂ ವಾಪಸ್ ಬಂದ ಮೇಲೆಯೇ ಪ್ಯಾಂಟ್ ಮಡಿಸಿ ಹೊಲಿಸಿ.